ಹೆರಳಿನ ಲೆಕ್ಕ

ಕತ್ತಿನ ಹಿಂದಿನಿಂದ ಒಂದು ಎಳೆ,
ಹೆಚ್ಚೆಂದರೆ ಪೆನ್ಸಿಲ್ಲಿನಷ್ಟು ದಪ್ಪ.
ಕತ್ತರಿ ತಣ್ಣಗಿತ್ತು.
ಬುಡ ಯಾವುದು ತುದಿ ಯಾವುದು ಮರೆಯಬಾರದೆಂದು
ನರ್ಸ್ ಒಡೀಲ್ ಬುಡಕ್ಕೆ ಕೆಂಪು ದಾರ ಕಟ್ಟಿದಳು.
ಲಕೋಟೆಯ ಮೇಲೆ ನನ್ನ ಹೆಸರಿಲ್ಲ, ನಂಬರು.
ಗುರುವಾರದ ವಿಮಾನ ಹತ್ತಿ ನನ್ನ ಕೂದಲು
ದಕ್ಷಿಣಕ್ಕೆ ಹೋಯಿತು.
ನಾನು ಅಷ್ಟು ದೂರ ಹೋದವಳಲ್ಲ.

ಆರು ವಾರ ಕಳೆದು, ಕೋಟಿನ ಕೆಳಗಿನ ಗುಂಡಿ
ಹಾಕಲು ಬಾರದಾದಾಗ, ಕಾಗದ ಬಂತು.
ಒಂದು ಸೆಂಟಿಮೀಟರಿಗೆ ಒಂದು ತಿಂಗಳು,
ತುದಿಯಿಂದ ಬುಡಕ್ಕೆ ಒಂಬತ್ತು ತಿಂಗಳು,
ಗುಡ್ಡ ಹತ್ತಿ ಇಳಿಯುವ ಒಂದು ಗೆರೆ.
ಓದಿ ಹೇಳಲು ಯಾರೂ ಬೇಕಾಗಲಿಲ್ಲ ನನಗೆ.

ಇದು ಜುಲೈ.
ಚಿಕ್ಕಪ್ಪ ಪುಟುಲಿಕ್ ರೇಡಿಯೋದಲ್ಲಿ ಕೂಗಿದ ದಿನ,
ಊರಿಗೆ ಊರೇ ಬಂಡೆಗಳ ಮೇಲೆ,
ಬಿಳಿ ತಿಮಿಂಗಿಲಕ್ಕೆ ಕಟ್ಟಿದ ಹಗ್ಗಕ್ಕೆ ನಲವತ್ತು ಕೈ.
ಇದು ಸೆಪ್ಟೆಂಬರು.
ಅಜ್ಜಿ ಅಕಿನಿಸಿ ಗಾಳಿಗೆ ನೇತುಹಾಕಿದ ಮಾಂಸ
ಕಪ್ಪಾಗಿ, ತೊಗಲಾಗಿ,
ಬಾಯಲ್ಲಿ ಅರ್ಧ ದಿನ ಇರುವಂಥದ್ದು.
ಗೆರೆ ಅಲ್ಲಿ ಶಿಖರ ಮುಟ್ಟಿದೆ.
ಇದು ಜನವರಿ.
ಬಿರುಗಾಳಿಗೆ ಹದಿನೇಳು ದಿನ ವಿಮಾನವಿಲ್ಲ,
ಅಂಗಡಿಯಲ್ಲಿ ಉಳಿದದ್ದು ನೂಡಲ್ಸಿನ ಪೊಟ್ಟಣ.
ಹಸಿದು ಮಲಗಿದ್ದೆ ಆ ತಿಂಗಳು.
ಕಾಗದದ ಪ್ರಕಾರ
ಆ ತಿಂಗಳೇ ನಾನು ಚೆನ್ನಾಗಿದ್ದದ್ದು.

ಹೊಟ್ಟೆಗೆ ಬಿದ್ದದ್ದೆಲ್ಲ ಜುಟ್ಟಿಗೆ ಏರಿದೆ.

ನಮ್ಮೂರಲ್ಲಿ ಒಂದೂ ಹೊಗೆಕೊಳವೆ ಇಲ್ಲ.
ಎಲ್ಲೋ ಯಾರೋ ದೀಪ ಹಾಕಿಕೊಂಡರು,
ಪಾಪ, ಕತ್ತಲಿತ್ತೇನೋ.
ಅವರ ಕಲ್ಲಿದ್ದಲ ಉಸಿರು ಗಾಳಿಯ ಬೆನ್ನೇರಿ
ಮಂಜಾಗಿ ಬಿದ್ದು, ನೀರಾಗಿ ಕರಗಿ,
ಕಣ್ಣಿಗೆ ಕಾಣದ ಹುಳದಿಂದ ಮೀನಿಗೆ,
ಮೀನಿಂದ ದೊಡ್ಡದಕ್ಕೆ,
ದೊಡ್ಡದರಿಂದ ನಮ್ಮ ತಟ್ಟೆಗೆ.
ಬಡ್ಡಿಗೆ ಬಡ್ಡಿ ಸೇರಿ ಬೆಳೆದ ಸಾಲ,
ಪಡೆದವರೊಬ್ಬರು.

ಪಾದರಸ.
ಶಾಲೆಯಲ್ಲಿ ದಕ್ಷಿಣದ ಮೇಷ್ಟರು ನನ್ನನ್ನು
ಹಾಗೇ ಕರೆಯುತ್ತಿದ್ದರು, ಮೆಚ್ಚಿ,
ನಿಂತಲ್ಲಿ ನಿಲ್ಲದವಳೆಂದು.

'ಬಿಡಲೇಬೇಕು ಅಂತಲ್ಲ' ಅಂದಳು ಒಡೀಲ್,
'ಒಣಮಾಂಸ ಮಾತ್ರ, ಹೆರಿಗೆಯ ತನಕ.
ಚರ್ಮ ಪರವಾಗಿಲ್ಲ. ನದಿಬಾಯಿಯ ಕೆಂಪು ಮೀನು ಬೇಕಾದಷ್ಟು ತಿನ್ನು.'
ಹೇಳುವಾಗ ಅವಳ ಕಿವಿ ಕೆಂಪಾಯಿತು.
ನಮ್ಮ ಮನೆಯ ನೆಲದ ಮೇಲೆ ಕೂತು
ಅವಳೂ ಎಷ್ಟೋ ಸಲ ಬೆರಳು ನೆಕ್ಕಿದವಳು.

ಮತ್ತೆ ಜುಲೈ ಬಂತು. ಹಗ್ಗ, ಬಂಡೆ, ಕೂಗು.
ಬಸುರಿಗೆ ಮೊದಲ ಪಾಲು,
ಪುಟುಲಿಕ್ ಚಾಕುವಿನ ತುದಿಯಲ್ಲೇ ಚಾಚಿದ,
ಕಡುಗೆಂಪು, ಇನ್ನೂ ಹಬೆಯಾಡುತ್ತಿದ್ದ ಮಾಂಸ.
ಒಲ್ಲೆ ಅಂದರೆ ಅವನಿಗಲ್ಲ,
ಬಂದು ಸಿಕ್ಕ ಪ್ರಾಣಿಗೆ ಮಾಡಿದ ಅವಮಾನ.
ಎಲ್ಲರೂ ನೋಡುತ್ತಿದ್ದರು. ಕೈ ಅರ್ಧಕ್ಕೆ ಹೋಗಿ ನಿಂತಿತು.

ಆಗ ಅಜ್ಜಿ ನಡುವೆ ನುಗ್ಗಿ
ಚಾಕುವಿನಿಂದಲೇ ಕಚ್ಚಿಕೊಂಡಳು,
ಉಳಿದ ಮೂರು ಹಲ್ಲಲ್ಲಿ.
ನನ್ನ ಕೈಗೆ ಬಿಳಿಯ ಚರ್ಮದ ತುಂಡೊಂದನ್ನು ತುರುಕಿ,
ಬಾಯಿ ತುಂಬಿಕೊಂಡೇ ಅಂದಳು:
'ಇವಳ ಪಾಲಿನದನ್ನು ಈ ವರ್ಷ ನಾನು ತಿನ್ನುತ್ತೇನೆ.
ಬರೆದುಕೊಳ್ಳಲಿ ಬೇಕಾದರೆ,
ನನ್ನ ತಲೆಯಲ್ಲಿ ಜಾಗವೆಲ್ಲಿದೆ?'
ಕ್ಯಾಪು ತೆಗೆದು ತೋರಿಸಿದಳು.
ಬಂಡೆಗಳೆಲ್ಲ ನಕ್ಕವು. ನನಗೆ ನಗು ಬರಲಿಲ್ಲ.

ಆಗಸ್ಟಿನ ಕೊನೆಗೆ ಹುಟ್ಟಿದ,
ತಲೆ ತುಂಬ ಒದ್ದೆ ಕರಿಗೂದಲು.
ಒಡೀಲ್ ಕತ್ತರಿಯತ್ತ ನೋಡಲಿಲ್ಲ.
ನಾನೂ ಕೇಳಲಿಲ್ಲ.
ಅಜ್ಜಿ ಮಾತ್ರ ನೆತ್ತಿಗೆ ಮೂಗು ಒತ್ತಿ
ಬಹಳ ಹೊತ್ತು ಉಸಿರೆಳೆದುಕೊಂಡಳು.
'ಕಡಲಿನ ವಾಸನೆ,' ಅಂದಳು,
'ನಮ್ಮವನೇ.'